ಕುದಿನೀರಿನಾಚೆಯ ಕಾವು

ಗಾಜಿನ ಲೋಟದಲ್ಲಿ ಆಚೆಯ ವಸ್ತು ಕಾಣುವಷ್ಟು ತಿಳಿಯಾಗಿ ಹೆಪ್ಪುಗಟ್ಟಿ, ಕಪ್ಪೆಚಿಪ್ಪು, ಬಣ್ಣದ ಮರಳು, ಗೋಲಿಗಳನ್ನು ಒಡಲಲ್ಲಿ ಹುದುಗಿಸಿಕೊಂಡು ಉರಿಯುವ ಜೆಲ್ ಮೇಣದಬತ್ತಿಯು ಹೆಸರಿಗೆ ಮೇಣದಬತ್ತಿಯಾದರೂ ಅದರ ಒಡಲಿನಲ್ಲಿ ಮೇಣವಿರುವುದಿಲ್ಲ. ಅದರ ಬಹುಪಾಲು ಖನಿಜ ತೈಲ, ಅಂದರೆ ಔಷಧಿ ಅಂಗಡಿಗಳಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂಬ ಹೆಸರಿನಿಂದ ಸಿಗುವ, ಬಣ್ಣವೂ ವಾಸನೆಯೂ ಇಲ್ಲದಂತೆ ಶುದ್ಧಗೊಳಿಸಿದ ಪೆಟ್ರೋಲಿಯಂ ಎಣ್ಣೆ. ಉಳಿದ ಅಲ್ಪ ಭಾಗ ಪಾಲಿಮರ್, ಅಂದರೆ ಸಣ್ಣ ಅಣುಗಳು ಉದ್ದಕ್ಕೂ ಕೊಂಡಿ ಹಾಕಿಕೊಂಡು ಆದ, ರಬ್ಬರಿನ ಗುಣವುಳ್ಳ ಕೃತಕ ವಸ್ತು. ಈ ಪಾಲಿಮರ್ ಒಂದು ಜಾಲವನ್ನು ಹೆಣೆದು ಎಣ್ಣೆಯನ್ನು ಅಲುಗಾಡದಂತೆ ಹಿಡಿದಿಡುವುದರಿಂದ ದ್ರವವು ಹೆಪ್ಪಿನ ರೂಪ ತಾಳುತ್ತದೆ. ಮನೆಯಲ್ಲಿ ಈ ಬತ್ತಿಯನ್ನು ತಯಾರಿಸುವವರು ಮೊದಲು ಮನಗಾಣಬೇಕಾದ ಸಂಗತಿಯೂ ಇದೇ ಆಗಿದೆ: ಒಲೆಯ ಮೇಲೆ ಕರಗುತ್ತಿರುವುದು ಒಂದು ಬೋಗುಣಿ ಎಣ್ಣೆ, ಅದನ್ನು ಎಣ್ಣೆಯೆಂದೇ ತಿಳಿದು ನಡೆಸಿಕೊಳ್ಳಬೇಕು.

ಮೇಣದಬತ್ತಿಯ ಚರಿತ್ರೆ ಹಳೆಯದು, ಜೆಲ್ ಬತ್ತಿಯದು ತೀರ ಈಚಿನದು. ಪ್ರಾಣಿಗಳ ಕೊಬ್ಬು ಮತ್ತು ಜೇನುಮೇಣದಿಂದ ಬತ್ತಿ ಮಾಡುತ್ತಿದ್ದ ಕಾಲದಿಂದ 1820ರ ದಶಕದ ಸ್ಟಿಯರಿನ್‌ಗೆ, 1830ರಲ್ಲಿ ಜರ್ಮನಿಯ ರೈಖೆನ್‌ಬಾಖ್ ಗುರುತಿಸಿದ ಪ್ಯಾರಾಫಿನ್ ಮೇಣಕ್ಕೆ ಈ ಕಸುಬು ದಾಟಿಬಂದಿತು. 1860-61ರ ಕ್ರಿಸ್‌ಮಸ್ ಸಮಯದಲ್ಲಿ ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ಮಕ್ಕಳಿಗಾಗಿ ಮೇಣದಬತ್ತಿಯ ರಸಾಯನವನ್ನು ಕುರಿತು ಸಾಲು ಉಪನ್ಯಾಸಗಳನ್ನೇ ನೀಡಿದರು. ಪಾರದರ್ಶಕ ಜೆಲ್ ಬತ್ತಿಯು 1990ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಪೆನ್‌ರೆಕೊ ಕಂಪನಿಯ ಪೇಟೆಂಟಿನೊಂದಿಗೆ ಮಾರುಕಟ್ಟೆಗೆ ಬಂದಿತು. ಅದು ಜನಪ್ರಿಯವಾದ ಕೆಲವೇ ವರ್ಷಗಳಲ್ಲಿ, ಜ್ವಾಲೆ ಮಿತಿಮೀರಿ ಏಳುವುದು, ಗಾಜು ಸೀಳುವುದು ಮುಂತಾದ ಕಾರಣಗಳಿಂದ ಅನೇಕ ತಯಾರಕರು ಮಾರಿದ ಬತ್ತಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಪಳಗಿದ ಕಾರ್ಖಾನೆಗಳೇ ಎಡವಿದ ಕಸುಬು ಇದು ಎಂಬುದನ್ನು ಅಡುಗೆಮನೆಯಲ್ಲಿ ಕೈಹಾಕುವವರು ಮರೆಯುವಂತಿಲ್ಲ.

ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಮುಂದೆ ದೇಶದ ಜಿಲ್ಲೆಜಿಲ್ಲೆಗಳಲ್ಲಿ ಸ್ವ-ಉದ್ಯೋಗ ತರಬೇತಿ ಕೇಂದ್ರಗಳು ತೆರೆದ ಮೇಲೆ, ಅಗರಬತ್ತಿ, ಫಿನಾಯಿಲ್, ಮೇಣದಬತ್ತಿಗಳ ತಯಾರಿಕೆಯು ಸ್ವಸಹಾಯ ಸಂಘಗಳ ಮಹಿಳೆಯರು ಸಾಮಾನ್ಯವಾಗಿ ಆರಿಸಿಕೊಳ್ಳುವ ಕಸುಬುಗಳ ಸಾಲಿಗೆ ಸೇರಿತು. ಬಳ್ಳಾರಿ ಜಿಲ್ಲೆಯ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನಂತಹ ಊರುಗಳಲ್ಲಿ ಇದರ ಆಕರ್ಷಣೆ ಸಹಜವಾದುದು: ಯಂತ್ರ ಬೇಡ, ಪ್ರತ್ಯೇಕ ಮಳಿಗೆ ಬೇಡ, ಗ್ಯಾಸ್ ಒಲೆ ಮತ್ತು ಒಂದು ಬೋಗುಣಿ ಇದ್ದರೆ ದೀಪಾವಳಿಯ ಹೊತ್ತಿಗೆ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತದೆ. ಆದರೆ ಸಾಮಾನ್ಯ ಮೇಣವನ್ನು ಕರಗಿಸಲು ಕಲಿತವರು ಅದೇ ಕೈಯಿಂದ ಜೆಲ್ಲನ್ನೂ ಕರಗಿಸಲು ಹೊರಟಾಗ, ಕಲಿತ ಎಚ್ಚರಿಕೆಗಳಲ್ಲಿ ಅತಿ ಮುಖ್ಯವಾದುದೇ ಕೆಲಸಕ್ಕೆ ಬಾರದೆ ಹೋಗುತ್ತದೆ.

ಆ ಎಚ್ಚರಿಕೆಯೆಂದರೆ ನೀರಿನ ಪಾತ್ರೆ. ಪ್ಯಾರಾಫಿನ್ ಮೇಣವು ಸಾಮಾನ್ಯವಾಗಿ 50ರಿಂದ 65 ಡಿಗ್ರಿ ಸೆಲ್ಸಿಯಸ್‌ನೊಳಗೆ ಕರಗುವುದರಿಂದ, ಕುದಿಯುವ ನೀರಿರುವ ದೊಡ್ಡ ಪಾತ್ರೆಯೊಳಗೆ ಮೇಣದ ಚಿಕ್ಕ ಪಾತ್ರೆಯನ್ನಿಟ್ಟು ಕರಗಿಸುವ ಡಬಲ್ ಬಾಯ್ಲರ್ ಕ್ರಮವು ಅದಕ್ಕೆ ಸಾಕಾಗುತ್ತದೆ. ಪಾತ್ರೆಯಲ್ಲಿ ನೀರಿರುವ ತನಕ ಅದರ ಕಾವು ಕುದಿಬಿಂದುವನ್ನು ಮೀರದು. ಆದ್ದರಿಂದ ಕರಗಿಸುವವರ ಗಮನ ಅರೆಗಳಿಗೆ ಬೇರೆಡೆಗೆ ಹೋದರೂ ನೀರೇ ಕಾವಲು ಕಾಯುತ್ತದೆ. ಜೆಲ್ಲಿನ ವಿಷಯ ಬೇರೆ. ಅದು ಹೊಯ್ಯುವಷ್ಟು ತೆಳ್ಳಗಾಗಬೇಕಾದರೆ 95ರಿಂದ 105 ಡಿಗ್ರಿಯ ಆಸುಪಾಸಿನ ಕಾವು ಬೇಕು. ಬಳ್ಳಾರಿ ನಗರವು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದು, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ ನೀರು ಬೇಗನೆ ಕುದಿಯುವುದರಿಂದ, ಇಲ್ಲಿ ನೀರು ಕುದಿಯುವುದು 100 ಡಿಗ್ರಿಗೆ ಮೊದಲೇ, ತೊಂಬತ್ತೆಂಟೂವರೆಯ ಸುಮಾರಿಗೆ. ಒಳಪಾತ್ರೆಯ ಕಾವು ಅದಕ್ಕಿಂತಲೂ ಕೆಲವು ಡಿಗ್ರಿ ಕಡಿಮೆಯೇ ಇರುತ್ತದೆ. ಎಷ್ಟು ಹೊತ್ತು ಕಾದರೂ ಜೆಲ್ಲು ಜೇನಿನಂತೆ ಮಂದವಾಗಿಯೇ ಉಳಿಯುತ್ತದೆ. ತಾಳ್ಮೆ ತಪ್ಪಿದ ತಯಾರಕರು ನೀರಿನ ಪಾತ್ರೆಯನ್ನು ತೆಗೆದು ಬೋಗುಣಿಯನ್ನು ನೇರವಾಗಿ ಉರಿಯ ಮೇಲೆ ಇಡುತ್ತಾರೆ. ಹೀಗೆ ಇಡುವುದು ತಪ್ಪಲ್ಲ, ಜೆಲ್ಲಿಗೆ ಇದೇ ದಾರಿ. ಆದರೆ ನೀರು ಕಾಯುತ್ತಿದ್ದ ಕಾವಲನ್ನು ಆ ಕ್ಷಣದಿಂದ ಮನುಷ್ಯರೇ ಕಾಯಬೇಕು, ಅದಕ್ಕೆ ಥರ್ಮಾಮೀಟರ್ ಬೇಕು.

ಜ್ವರ ನೋಡುವ ಥರ್ಮಾಮೀಟರ್ 42 ಡಿಗ್ರಿಗೇ ಮುಗಿಯುವುದರಿಂದ ಈ ಕೆಲಸಕ್ಕೆ ಬಾರದು. ಪಾತ್ರೆಯತ್ತ ಗುರಿ ಹಿಡಿದು ಅಳೆಯುವ ಬಂದೂಕಿನಾಕಾರದ ಸಾಧನವು ಮೇಲ್ಮೈಯ ಬಿಸಿಯನ್ನಷ್ಟೇ ತೋರಿಸುತ್ತದೆ, ಹೊಳೆಯುವ ಸ್ಟೀಲಿನ ಮೇಲೆ ಅದನ್ನೂ ತಪ್ಪಾಗಿ ತೋರಿಸುತ್ತದೆ. ಬೇಕಾದುದು 200 ಡಿಗ್ರಿಯವರೆಗೆ ಅಳೆಯಬಲ್ಲ, ಉದ್ದನೆಯ ಕಡ್ಡಿಯುಳ್ಳ ಅಡುಗೆಯ ಥರ್ಮಾಮೀಟರ್. ಅದರ ತುದಿ ಜೆಲ್ಲಿನ ನಡುವೆ ಮುಳುಗಿರಬೇಕು, ಬೋಗುಣಿಯ ತಳಕ್ಕೆ ತಾಗಕೂಡದು. ಹೊಸದಾಗಿ ಕೊಂಡುದನ್ನು ಕುದಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸುವುದು ವಾಡಿಕೆ. ಬಳ್ಳಾರಿಯಲ್ಲಿ ಅದು ತೊಂಬತ್ತೆಂಟೂವರೆ ತೋರಿಸಿದರೆ ಸಾಧನ ಸರಿಯಿದೆ ಎಂದೇ ಅರ್ಥ. ತುಂಗಭದ್ರೆಯ ಮಗ್ಗುಲಿನ ತಗ್ಗು ನೆಲದಲ್ಲಿರುವ ಸಿರುಗುಪ್ಪದಲ್ಲಿ ಅದು ಕೂದಲೆಳೆಯಷ್ಟು ಹೆಚ್ಚು ತೋರಿಸೀತು. ಪರೀಕ್ಷೆ ಮುಗಿದ ಮೇಲೆ ಕಡ್ಡಿಯನ್ನು ಒಂದು ಹನಿಯೂ ಉಳಿಯದಂತೆ ಒರೆಸಿಯೇ ಜೆಲ್ಲಿಗೆ ಇಳಿಸಬೇಕು.

ಥರ್ಮಾಮೀಟರ್ ಇದ್ದೂ ಕಾವು ಮೀರುವುದಕ್ಕೆ ಒಂದು ಕಾರಣವಿದೆ, ಅದು ಗುಳ್ಳೆ. ಮಂದವಾದ ಜೆಲ್ಲಿನಲ್ಲಿ ಗಾಳಿಯ ಗುಳ್ಳೆಗಳು ಸಿಕ್ಕಿಹಾಕಿಕೊಂಡು ಬತ್ತಿಯ ತಿಳಿತನವನ್ನು ಕೆಡಿಸುತ್ತವೆ. ಇನ್ನಷ್ಟು ಕಾಯಿಸಿದರೆ ಅವು ಮೇಲೇರಿ ಒಡೆಯುತ್ತವೆ. ಗಿರಾಕಿ ಮೆಚ್ಚುವುದು ಗುಳ್ಳೆಯಿಲ್ಲದ ಬತ್ತಿಯನ್ನೇ ಆದ್ದರಿಂದ ಒಲೆಯ ಕಿವಿ ತಿರುಗಿಸುವ ಆಸೆ ಪ್ರತಿ ಬಾರಿಯೂ ಹುಟ್ಟುತ್ತದೆ. ಜೆಲ್ಲಿನ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕಾವು, ಅಂದರೆ ಅದರ ಫ್ಲ್ಯಾಶ್ ಪಾಯಿಂಟ್, 200 ಡಿಗ್ರಿಗಿಂತ ಮೇಲಿದೆಯೆಂಬುದು ಸಮಾಧಾನದ ಮಾತಾಗಿ ಕಾಣಬಹುದು. ಆದರೆ ದೊಡ್ಡ ಉರಿಯ ಮೇಲಿನ ತೆಳು ತಳದ ಬೋಗುಣಿಯಲ್ಲಿ ಅಡಿಭಾಗದ ಕಾವು ನಡುಭಾಗವನ್ನು ಬಹಳ ಹಿಂದಿಕ್ಕುತ್ತದೆ. 110 ಡಿಗ್ರಿಯನ್ನು ದಾಟಗೊಡದಿರುವುದು, ಬಿಳಿ ಹೊಗೆಯ ಎಳೆ ಕಂಡೊಡನೆ ಒಲೆ ಆರಿಸುವುದು, ಜೆಲ್ಲನ್ನು ಬಿಟ್ಟು ಬಾಗಿಲಿನವರೆಗೂ ಹೋಗದಿರುವುದು, ಇವು ಈ ಕಸುಬಿನ ಮೂಲ ಶಿಸ್ತು. ಗುಳ್ಳೆಗೆ ಇರುವ ಸರಿಯಾದ ಮದ್ದು ಬೇರೆ: ಗಾಜಿನ ಲೋಟವನ್ನು ಮೊದಲೇ ಬೆಚ್ಚಗೆ ಮಾಡಿಟ್ಟುಕೊಂಡು, ಲೋಟವನ್ನು ಓರೆ ಹಿಡಿದು, ಗೋಡೆಗುಂಟ ಸಣ್ಣಗೆ ಹೊಯ್ಯುವುದು. ಬೆಚ್ಚಗಿನ ಲೋಟವು ಬಿಸಿ ಜೆಲ್ಲಿನ ಪೆಟ್ಟಿಗೆ ಸೀಳುವುದೂ ಕಡಿಮೆ.

ಸುಗಂಧದ ವಿಷಯದಲ್ಲಿಯೂ ಇಷ್ಟೇ ಎಚ್ಚರ ಬೇಕು. ಜೆಲ್ಲಿಗೆ ಬೆರೆಸುವ ಸುಗಂಧ ತೈಲದ ಫ್ಲ್ಯಾಶ್ ಪಾಯಿಂಟ್ 77 ಡಿಗ್ರಿಗೆ ಕಡಿಮೆಯಿರಕೂಡದೆಂಬುದು ತಯಾರಕರು ಪಾಲಿಸುವ ಮಿತಿ. ಕಾದ ಜೆಲ್ಲಿನ ಬಿಸಿ ಆ ಮಿತಿಗಿಂತ ಹೆಚ್ಚಿರುವುದರಿಂದ ಒಲೆ ಆರಿಸಿ, ಬೋಗುಣಿಯನ್ನು ದೂರ ಸರಿಸಿದ ಮೇಲೆಯೇ ತೈಲವನ್ನು ಬೆರೆಸಬೇಕು. ಅಂಗಡಿಯ ಅತ್ತರು, ಮೈಗೆ ಸಿಂಪಡಿಸುವ ಸೆಂಟುಗಳು ಇದಕ್ಕೆ ಸಲ್ಲವು. ಒಂದು ಪಾಲು ಸುಗಂಧ ತೈಲವನ್ನು ಮೂರು ಪಾಲು ಖನಿಜ ತೈಲದಲ್ಲಿ ಕಲಕಿ ನೋಡಿದಾಗ ಮಿಶ್ರಣ ತಿಳಿಯಾಗಿ ನಿಂತರೆ ಅದು ಯೋಗ್ಯ. ಕದಡಿದರೆ ಅಥವಾ ಬೇರೆಯಾದರೆ ಉರಿಯುವ ಬತ್ತಿಯಲ್ಲಿಯೂ ಅದು ಹಾಗೆಯೇ ಬೇರ್ಪಟ್ಟು ಒಂದೆಡೆ ಮಡುಗಟ್ಟಿ ಒಮ್ಮೆಲೇ ಹೊತ್ತಿಕೊಳ್ಳುವ ಅಪಾಯವಿದೆ. ತಿನಿಸಿನ ಬಣ್ಣಗಳಲ್ಲಿ ನೀರಿರುತ್ತದೆ, ಅದು ಬಿಸಿ ಜೆಲ್ಲಿಗೆ ಬಿದ್ದರೆ ಸಿಡಿಯುತ್ತದೆ. ಹಳ್ಳದಿಂದ ತಂದ ಮರಳು, ಚಿಪ್ಪುಗಳನ್ನು ತೊಳೆದು ದಿನಗಟ್ಟಲೆ ಬಿಸಿಲಿಗೆ ಹಾಕಿ ಒಣಗಿಸಬೇಕೆಂಬುದೂ ಇದೇ ಕಾರಣಕ್ಕೆ. ಪ್ಲಾಸ್ಟಿಕ್ ಹೂವು, ಒಣಗಿದ ಎಲೆ, ಕಾಗದದ ಚಿತ್ತಾರಗಳನ್ನು ಒಳಗೆ ಹುದುಗಿಸಿದರೆ ಅವೇ ಎರಡನೆಯ ಬತ್ತಿಯಾಗಿ ಉರಿಯುತ್ತವೆ.

ಮೂರೂ ಊರುಗಳ ಮನೆಗಳಿಗೆ ತಮ್ಮದೇ ಆದ ತೊಡಕುಗಳಿವೆ. ಜೀನ್ಸ್ ಉಡುಪಿಗೆ ಹೆಸರಾದ ಬಳ್ಳಾರಿ ನಗರದ ಅನೇಕ ಓಣಿಗಳಲ್ಲಿ ಹೊಲಿಗೆ ಯಂತ್ರವಿರುವ ಕೋಣೆಯೇ ಅಡುಗೆಯ ಕೋಣೆಯೂ ಆಗಿದ್ದು, ಬಟ್ಟೆಯ ಚಿಂದಿ ಮತ್ತು ನೂಲಿನ ರಾಶಿ ಒಲೆಗೆ ಮಾರುದೂರದಲ್ಲಿಯೇ ಬಿದ್ದಿರುವುದುಂಟು. ಭತ್ತದ ಸೀಮೆಯಾದ ಸಿರುಗುಪ್ಪದಲ್ಲಿ ಹಿತ್ತಿಲಿನ ಹುಲ್ಲಿನ ಬಣವೆ, ಗೋಣಿಚೀಲಗಳು, ಗಾಳಿಗೆ ಹಾರುವ ಹೊಟ್ಟು ಇವೆಲ್ಲ ಕಿಡಿಗಾಗಿ ಕಾದಿರುವಂಥವು. ಹೊರಗೆ ಕೆಲಸ ಮಾಡಿದರೆ ಗಾಳಿಯಾಡುತ್ತದೆಂದು ಅಲ್ಲಿ ಹಿತ್ತಿಲಿಗೆ ಒಲೆ ಒಯ್ಯುವುದು ಒಳ್ಳೆಯ ಆಲೋಚನೆಯಾಗದು. ಹನ್ನೆರಡನೆಯ ಶತಮಾನದ ಸುಮಾರಿಗೆ ಸಿಂದ ಅರಸರ ಒಂದು ಶಾಖೆ ಆಳಿದ, ದೊಡ್ಡಬಸವೇಶ್ವರನ ಊರಾದ ಕುರುಗೋಡಿನಲ್ಲಿ, ಬಿಸಿಲು ತಡೆಯಲೆಂದೇ ಕಟ್ಟಿದ ದಪ್ಪ ಗೋಡೆಯ, ಕಿರಿದಾದ ಬೆಳಕಿಂಡಿಯ ಹಳೆಯ ಮಾಳಿಗೆ ಮನೆಗಳು ವಾಸಕ್ಕೆ ತಂಪಾದರೂ ಎಣ್ಣೆಯ ಹೊಗೆ ಹೊರಹೋಗುವುದಕ್ಕೆ ಅನುಕೂಲವಾಗಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಜಾತ್ರೆಯ ಅಂಗಡಿಸಾಲಿನ ಬಿಸಿಲಿಗೆ ಇಟ್ಟ ಜೆಲ್ ಬತ್ತಿಯು ಮೆತ್ತಗಾಗಿ ಎಣ್ಣೆ ಬಿಡುತ್ತದೆ. ಅಂತಹುದನ್ನು ಮಾರುವುದು ಸರಿಯಲ್ಲ.

ಬೋಗುಣಿಗೆ ಬೆಂಕಿ ಹತ್ತಿದರೆ ನೀರು ಎರಚಕೂಡದು. ನೀರು ಎಣ್ಣೆಯ ಅಡಿಗಿಳಿದು ಕ್ಷಣದಲ್ಲಿ ಆವಿಯಾಗಿ ಸಾವಿರಕ್ಕೂ ಮಿಕ್ಕಿ ಪಟ್ಟು ಹಿಗ್ಗುವುದರಿಂದ ಉರಿಯುವ ಎಣ್ಣೆ ಮಾಳಿಗೆಯವರೆಗೆ ಚಿಮ್ಮುತ್ತದೆ. ಒಲೆ ಆರಿಸಿ, ಬೋಗುಣಿಯ ಬಾಯಿಗೆ ಸರಿಯಾಗಿ ಕೂರುವ ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ಪೂರ್ತಿ ತಣಿಯುವ ತನಕ ತೆರೆಯದೆ ಬಿಡಬೇಕು. ಉರಿಯುವ ಪಾತ್ರೆಯನ್ನು ಹೊತ್ತು ಅಂಗಳಕ್ಕೆ ಓಡುವವರೇ ಸುಟ್ಟುಕೊಳ್ಳುತ್ತಾರೆ. ಆ ಮುಚ್ಚಳ ಕೆಲಸ ಆರಂಭವಾಗುವ ಮೊದಲೇ ಕೈಗೆಟಕುವಲ್ಲಿರಬೇಕು. ಹತ್ತಿಯ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸುವುದು, ನೈಲಾನ್ ಬಟ್ಟೆ ತೊಡದಿರುವುದು, ಮಕ್ಕಳನ್ನು ಒಳಗೆ ಬಿಡದಿರುವುದು ಹೇಳಬೇಕಾಗಿಲ್ಲದ ಮಾತುಗಳೆನಿಸಿದರೂ ಹೇಳಲೇಬೇಕಾದವು. ಚರ್ಮಕ್ಕೆ ಬಿದ್ದ ಜೆಲ್ಲು ಜಾರಿಹೋಗದೆ ಅಂಟಿಕೊಂಡೇ ಸುಡುತ್ತದೆ. ಅದನ್ನು ಕಿತ್ತು ತೆಗೆಯದೆ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿದು, ಟೂತ್‌ಪೇಸ್ಟ್, ಶಾಯಿ, ಅರಿಶಿನಗಳನ್ನು ಬಳಿಯದೆ ತಾಲ್ಲೂಕು ಆಸ್ಪತ್ರೆಗೋ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಬೇಕು. ನಲ್ಲಿಯಲ್ಲಿ ದಿನವೂ ನೀರು ಬಾರದ ಓಣಿಗಳಲ್ಲಿ ಸುಟ್ಟ ಗಾಯಕ್ಕೆಂದೇ ಎರಡು ಕೊಡ ನೀರು ತುಂಬಿಟ್ಟುಕೊಂಡು ಒಲೆ ಹಚ್ಚುವುದು ವಿವೇಕ.

ತರಬೇತಿಯ ಕೊನೆಗೆ ಅಚ್ಚುಗಳನ್ನೂ ಬಣ್ಣವನ್ನೂ ಕೊಟ್ಟು ಕಳುಹಿಸುವ ಕಡೆಗಳಲ್ಲಿ ಜೊತೆಗೆ ಥರ್ಮಾಮೀಟರ್ ಮತ್ತು ಮುಚ್ಚಳವನ್ನು ಕೊಡುವುದು ದೊಡ್ಡ ಹೊರೆಯೇನಲ್ಲ. ಬೆಂಕಿ ಆರಿಸುವುದನ್ನು ಒಂದು ಮಧ್ಯಾಹ್ನ ಮಾಡಿ ತೋರಿಸುವುದು ಅದಕ್ಕಿಂತಲೂ ಅಗತ್ಯ. ಲೋಟಕ್ಕೆ ಅಂಟಿಸುವ ಚೀಟಿಯಲ್ಲಿ ಕನ್ನಡದಲ್ಲಿಯೇ ನಾಲ್ಕು ಸಾಲು ಇರಬೇಕು: ಬತ್ತಿಯ ತುದಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ ಹಚ್ಚಿರಿ, ಎರಡು ಗಂಟೆಗೆ ಮೀರಿ ಉರಿಸಬೇಡಿ, ಬಿಟ್ಟು ಮಲಗಬೇಡಿ, ತಳದಲ್ಲಿ ಒಂದು ಸೆಂಟಿಮೀಟರ್ ಜೆಲ್ ಉಳಿದಾಗ ಆರಿಸಿಬಿಡಿ. ಕರೆಂಟು ಹೋದ ಬೇಸಿಗೆಯ ರಾತ್ರಿಗಳಲ್ಲಿ ಈ ಬತ್ತಿಗಳು ಅಲಂಕಾರವನ್ನು ಬಿಟ್ಟು ಬೆಳಕಿನ ಕೆಲಸಕ್ಕೆ ಇಳಿಯುವುದರಿಂದ ಈ ಸಾಲುಗಳಿಗೆ ಇಲ್ಲಿ ಹೆಚ್ಚಿನ ಬೆಲೆಯಿದೆ.

ಲೋಟ ದಪ್ಪ ಗಾಜಿನದಾಗಿರಬೇಕು, ಬಾಯಿ ಅಗಲವಾಗಿರಬೇಕು, ಬತ್ತಿ ನಟ್ಟನಡುವೆ ನೆಟ್ಟಗೆ ನಿಲ್ಲಬೇಕು. ಕರಿಮಣ್ಣಿನ ಈ ಸೀಮೆಯಲ್ಲಿ ಹತ್ತಿ ಬೆಳೆಯುತ್ತದೆ. ಹಿಂಜಿದ ಹತ್ತಿಯನ್ನು ಅಂಗೈಯಲ್ಲಿ ಹೊಸೆದು ದೇವರ ದೀಪಕ್ಕೆ ಬತ್ತಿ ಮಾಡುವ ಹಿರಿಯ ಹೆಂಗಸರು ಇಂದಿಗೂ ಮನೆಮನೆಗಳಲ್ಲಿದ್ದಾರೆ. ಎಷ್ಟು ಎಣ್ಣೆಗೆ ಎಷ್ಟು ದಪ್ಪದ ಬತ್ತಿ, ಎಲ್ಲಿ ದೀಪವಿಟ್ಟರೆ ಸೆರಗು ತಾಗದು ಎಂಬ ತಿಳಿವಳಿಕೆಯೆಲ್ಲ ಅವರ ಕೈಯಿಂದ ಕಿರಿಯರ ಕೈಗೆ ದಾಟಿ ಬಂದದ್ದು. ಆದರೆ ಅವರು ಹೊಸೆದ ಮೆತ್ತನೆಯ ಬತ್ತಿ ಕಾದ ಜೆಲ್ಲಿನಲ್ಲಿ ಬಾಗಿ ಗಾಜಿಗೆ ಒರಗುತ್ತದೆ, ಜ್ವಾಲೆ ತಾಗಿದ ಕಡೆ ಗಾಜು ಸೀಳುತ್ತದೆ. ಆದ್ದರಿಂದ ನಡುವೆ ಸತುವಿನ ತಂತಿಯುಳ್ಳ, ತಳದಲ್ಲಿ ತಗಡಿನ ಬಿಲ್ಲೆ ಕೂರಿಸಿದ ಬತ್ತಿಯನ್ನು ದೊಡ್ಡ ನಗರಗಳ ಅಂಗಡಿಗಳಿಂದ ತರಿಸಿಕೊಳ್ಳುವುದೇ ಕ್ಷೇಮ, ಹತ್ತಿಯ ನಾಡಿನಲ್ಲಿಯೂ.