ಕಾಯಿಹಾಲಿನ ಮಿಲ್ಕ್‌ಶೇಕ್

ಬಾಳೆಹಣ್ಣಿನ ರಸಾಯನ ಮಾಡಿ ಗೊತ್ತಿದ್ದವರಿಗೆ ಹಸುವಿನ ಹಾಲಿಲ್ಲದ ಮಿಲ್ಕ್‌ಶೇಕ್ ಹೊಸದೇನಲ್ಲ. ಕರಾವಳಿಯಲ್ಲಿ ದೋಸೆ, ಸೇಮಿಗೆಗೆ ಜೊತೆಯಾಗುವ ಆ ರಸಾಯನಕ್ಕೆ ಬೇಕಾದದ್ದು ಹಣ್ಣು, ಬೆಲ್ಲ, ಏಲಕ್ಕಿ, ಕಾಯಿಹಾಲು. ಅದನ್ನೇ ತಣ್ಣಗೆ ಮಾಡಿ ಮಿಕ್ಸಿಯಲ್ಲಿ ತಿರುಗಿಸಿದರೆ ಶೇಕ್ ಸಿದ್ಧ. ತೊಂದರೆ ಶುರುವಾಗುವುದು ಆಮೇಲೆ. ಸ್ವಲ್ಪ ಹೊತ್ತು ಬಿಟ್ಟರೆ ಮೇಲೆ ಕೆನೆ, ಕೆಳಗೆ ತಿಳಿನೀರು. ಕೆಲವೊಮ್ಮೆ ನಾಲಿಗೆಗೆ ಮೇಣದಂಥ ಕಣಗಳೂ ಸಿಗುತ್ತವೆ.

ಇಂಥ ಶೇಕ್ ಬೇಕಾದವರು ಕಡಿಮೆಯೇನಿಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ, ಎದೆಹಾಲು ಬಿಟ್ಟ ಮೇಲೆ ಜಗತ್ತಿನ ಬಹುಪಾಲು ಜನರಲ್ಲಿ ಕಡಿಮೆಯಾಗುತ್ತ ಬರುತ್ತದೆ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಭೇದಿ ಎಲ್ಲ ಇದರ ಫಲ. ಹಾಲಿನ ಅಲರ್ಜಿ ಇದಲ್ಲ; ಅದು ಹಾಲಿನ ಪ್ರೋಟೀನಿಗೆ ದೇಹದ ರೋಗನಿರೋಧಕ ವ್ಯವಸ್ಥೆ ತೋರುವ ಸಿಟ್ಟು.

ಯಾವ ಹಾಲೇ ಆಗಲಿ, ಅದು ನೀರಿನಲ್ಲಿ ತೇಲುವ ಕೊಬ್ಬಿನ ಸಣ್ಣ ಹನಿಗಳ ಮಿಶ್ರಣ. ಹನಿಗಳು ಒಂದಕ್ಕೊಂದು ಕೂಡಿಕೊಳ್ಳದಂತೆ ಪ್ರೋಟೀನಿನ ತೆಳು ಪೊರೆ ತಡೆಯುತ್ತದೆ. ಕಾಯಿಹಾಲಿನಲ್ಲಿ ಕೊಬ್ಬು ಧಾರಾಳ, ಪ್ರೋಟೀನು ಕಡಿಮೆ. ಎಲ್ಲ ಹನಿಗಳಿಗೂ ಹೊದೆಯಲು ಸಾಕಾಗುವಷ್ಟು ಪೊರೆ ಇಲ್ಲ. ಅದಕ್ಕೇ ಬೇಗ ಬೇರ್ಪಡುತ್ತದೆ.

ಮೇಣದಂಥ ಕಣಗಳ ಕಾರಣ ಬೇರೆ. ಚಳಿಗಾಲದ ಬೆಳಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ತೆಂಗಿನೆಣ್ಣೆಯನ್ನು ನೋಡಿದ್ದೀರಲ್ಲ? ಅದು ಗಟ್ಟಿಯಾಗುವುದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ. ಫ್ರಿಜ್ಜಿನಲ್ಲಿಟ್ಟ ಕಾಯಿಹಾಲಿನ ಹನಿಗಳೊಳಗೂ ಹೀಗೆಯೇ ಹರಳು ಕಟ್ಟುತ್ತದೆ. ಹರಳಿನ ಮೊನೆ ಪಕ್ಕದ ಹನಿಯ ಪೊರೆಯನ್ನು ಚುಚ್ಚಿ ಎರಡನ್ನೂ ಅಂಟಿಸುತ್ತದೆ. ಅಂಥದ್ದನ್ನು ಮಿಕ್ಸಿಯಲ್ಲಿ ಜೋರಾಗಿ ತಿರುಗಿಸುವುದು ಎಂದರೆ ಬೆಣ್ಣೆ ಕಡೆದ ಹಾಗೆಯೇ.

ಆದ್ದರಿಂದ ತಣ್ಣಗಾಗಬೇಕಾದ್ದು ಕಾಯಿಹಾಲಲ್ಲ, ಬಾಳೆಹಣ್ಣು. ಚೆನ್ನಾಗಿ ಕಳಿತ ಹಣ್ಣನ್ನು ಬಿಲ್ಲೆ ಮಾಡಿ ರಾತ್ರಿ ಫ್ರೀಜರಿನಲ್ಲಿಡಿ. ಕಳಿಯುವಾಗ ಅದರ ಪಿಷ್ಟ ಸಕ್ಕರೆಯಾಗಿರುತ್ತದೆ. ಪೆಕ್ಟಿನ್ ಮತ್ತು ನಾರು ನೀರನ್ನು ಹಿಡಿದು ದಪ್ಪ ಕೊಡುತ್ತವೆ. ಹೆಪ್ಪುಗಟ್ಟಿದ ಬಿಲ್ಲೆಗಳನ್ನು ರುಬ್ಬಿದರೆ ಐಸ್‌ಕ್ರೀಮಿನಷ್ಟೇ ನುಣುಪು. ಬೇರೆ ಐಸ್ ತುಂಡು ಹಾಕಬೇಡಿ, ರುಚಿ ನೀರಾಗುತ್ತದೆ.

ಕಾಯಿತುರಿಯನ್ನು ರುಬ್ಬುವಾಗ ಉಗುರುಬೆಚ್ಚಗಿನ ನೀರೇ ಸರಿ. ಆ ಬಿಸಿಗೆ ಕೊಬ್ಬು ದ್ರವವಾಗಿದ್ದು ಸುಲಭವಾಗಿ ಹಿಂಡಿ ಬರುತ್ತದೆ. ಕುದಿನೀರಾದರೆ ಇರುವ ಅಲ್ಪ ಪ್ರೋಟೀನೂ ಹೆಪ್ಪಾಗುತ್ತದೆ. ಮೊದಲು ಹಿಂಡಿದ ದಪ್ಪ ಹಾಲೇ ಶೇಕಿಗೆ ಬೇಕು. ಅದಕ್ಕೆ ನೆನೆಸಿದ ಏಳೆಂಟು ಗೋಡಂಬಿಯನ್ನು ನುಣ್ಣಗೆ ರುಬ್ಬಿ ಸೇರಿಸಿ. ಕೊರತೆಯಾಗಿದ್ದ ಪ್ರೋಟೀನು ಸ್ವಲ್ಪಮಟ್ಟಿಗೆ ಅಲ್ಲಿಂದ ಸಿಗುತ್ತದೆ. ಕೊನೆಯಲ್ಲಿ ಬೆಲ್ಲ, ಏಲಕ್ಕಿ ಹಾಕಿ ಅರ್ಧ ನಿಮಿಷವಷ್ಟೇ ತಿರುಗಿಸಿ, ತಡಮಾಡದೆ ಕುಡಿಯಿರಿ.

ಒಂದು ಮಾತು, ಅದರಲ್ಲೂ ಮಕ್ಕಳಿರುವ ಮನೆಯವರಿಗೆ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ; ಕಾಯಿಹಾಲಿನಲ್ಲಿ ತೀರ ಕಡಿಮೆ. ನಾನು ಇದಕ್ಕೆ ರಾಗಿಯನ್ನು ಸೂಚಿಸುತ್ತೇನೆ. ಆದರೆ ನೆನೆಸಿ, ರುಬ್ಬಿ, ಸೋಸಿದ ರಾಗಿಹಾಲಲ್ಲ. ರಾಗಿಯ ಕ್ಯಾಲ್ಸಿಯಂ ಹೆಚ್ಚಾಗಿ ಹೊರಪದರದಲ್ಲಿದೆ, ಸೋಸಿದರೆ ಬಹಳಷ್ಟು ಬಟ್ಟೆಯಲ್ಲೇ ಉಳಿಯುತ್ತದೆ. 20 ಗ್ರಾಂ ರಾಗಿಹಿಟ್ಟನ್ನು ಅಂಬಲಿಯಂತೆ ಬೇಯಿಸಿ, ಆರಿಸಿ ಸೇರಿಸಿದರೆ 70 ಮಿಲಿಗ್ರಾಂನಷ್ಟು ಸಿಗುತ್ತದೆ. ಹಾಲಿಗೆ ಸಮವಲ್ಲ, ನಿಜ. ಬೆಂದ ಪಿಷ್ಟ ನೀರನ್ನು ಹಿಡಿದಿಡುವುದರಿಂದ ಕೆನೆ ಮೇಲೇರುವುದೂ ತಡವಾಗುತ್ತದೆ.