ಮರಿ ಓಡು ಕುಕ್ಕಿದೆ, ನೀವು ಕೈ ಕಟ್ಟಿ ಕೂರಿ

ಕೋಳಿಯ ಲೆಕ್ಕ ಹಿಡಿದು ಬಾತುಕೋಳಿಗೆ ಕೈ ಹಾಕಿದವರು 21ನೇ ದಿನಕ್ಕೇ ಚಡಪಡಿಸಲು ಶುರು ಮಾಡುತ್ತಾರೆ. ಬಾತಿನ ಮೊಟ್ಟೆಗೆ 28 ದಿನ ಬೇಕು. ಮುಖದ ಮೇಲೆ ಕೆಂಪು ಗಂಟುಗಂಟಾದ ಚರ್ಮವಿರುವ ಮಸ್ಕೊವಿ ಜಾತಿಗಾದರೆ 33ರಿಂದ 35 ದಿನ. ಮನೆಯಲ್ಲಿ ಸಾಯುವ ಬಾತುಮರಿಗಳಲ್ಲಿ ಅಲಕ್ಷ್ಯಕ್ಕೆ ಬಲಿಯಾಗುವುದಕ್ಕಿಂತ ಅತಿ ಆರೈಕೆಗೆ ಬಲಿಯಾಗುವುದೇ ಹೆಚ್ಚು ಎಂದು ನನ್ನ ಅಂದಾಜು. ಅದಕ್ಕೆ ಕುಮ್ಮಕ್ಕು ಕೊಡುವ ನಂಬಿಕೆಗಳಿಗೇನೂ ಬರವಿಲ್ಲ.

‘ಉದ್ದನೆಯ ಮೊಟ್ಟೆ ಗಂಡು, ದುಂಡನೆಯದು ಹೆಣ್ಣು.’ ಇಲ್ಲ. ಲಿಂಗ ತೀರ್ಮಾನವಾಗುವುದು ತಾಯಿಯ ವರ್ಣತಂತುವಿನಿಂದ, ಅದೂ ಓಡು ಕಟ್ಟುವ ಮೊದಲೇ. ಕಾವಿನ ಶಾಖ ಏರಿಳಿಸಿ ಹೆಣ್ಣು ಮರಿ ಪಡೆಯಲು ಇದು ಮೊಸಳೆಯ ಮೊಟ್ಟೆಯಲ್ಲ.

‘ಗುಡುಗಿದರೆ ಕಾವಿನ ಮೊಟ್ಟೆ ಕೆಡುತ್ತದೆ.’ ಇದಕ್ಕೆಂದೇ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುವವರಿದ್ದಾರೆ. ಇಟ್ಟರೆ ನಷ್ಟವೇನಿಲ್ಲ, ಲಾಭವೂ ಇಲ್ಲ. ಗುಡುಗಿನ ಜೊತೆ ಕರೆಂಟ್ ಹೋಗುವುದು ಮಾತ್ರ ನಿಜವಾದ ತಲೆನೋವು. ಅದಕ್ಕೂ ಗಾಬರಿ ಬೇಡ. ತಾಯಿ ಬಾತು ಮೇಯಲು ಎದ್ದು ಹೋದಾಗಲೂ ಮೊಟ್ಟೆ ತಣಿಯುತ್ತದೆ. ಒಂದೆರಡು ತಾಸು ಇನ್‌ಕ್ಯುಬೇಟರ್ ಆರಿದರೆ ಮರಿ ಬರುವುದು ಸ್ವಲ್ಪ ತಡವಾಗಬಹುದು, ಅಷ್ಟೇ. ಭಯಪಡಬೇಕಾದ್ದು ಶಾಖ ಹೆಚ್ಚಾದರೆ. 37.5 ಡಿಗ್ರಿಯಲ್ಲಿರಬೇಕಾದ ಪೆಟ್ಟಿಗೆ 40 ದಾಟಿ ನಿಂತುಬಿಟ್ಟರೆ ಒಳಗಿನ ಜೀವಕ್ಕೇ ಸಂಚಕಾರ.

‘ಕೊಳೆಯಾದ ಮೊಟ್ಟೆಯನ್ನು ತಣ್ಣೀರಲ್ಲಿ ತೊಳೆದು ಇಡಬೇಕು.’ ಬಾತಿನ ಮೊಟ್ಟೆಗೆ ಕೆಸರು ಮೆತ್ತಿರುವುದು ಮಾಮೂಲು, ತೊಳೆಯಲು ಕೈ ತುರಿಸುವುದೂ ಸಹಜ. ಆದರೆ ಓಡಿನ ಮೇಲೆ ಸಣ್ಣ ರಂಧ್ರಗಳನ್ನು ಮುಚ್ಚುವ ತೆಳುವಾದ ಲೇಪವೊಂದಿದೆ. ತಿಕ್ಕಿ ತೊಳೆದರೆ ಅದು ಹೋಗುತ್ತದೆ. ಬೆಚ್ಚಗಿನ ಮೊಟ್ಟೆ ತಣ್ಣೀರಿಗೆ ಬಿದ್ದು ಒಳಗಿನದು ಕುಗ್ಗಿದಾಗ ಹೊರಗಿನ ಕೊಳೆನೀರನ್ನು ಒಳಕ್ಕೆ ಸೆಳೆದುಕೊಳ್ಳುತ್ತದೆ. ಹೀಗೆ ಕೆಟ್ಟ ಮೊಟ್ಟೆ ಮೂರನೇ ವಾರದಲ್ಲಿ ಪೆಟ್ಟಿಗೆಯೊಳಗೇ ಸಿಡಿದರೆ ಆ ನಾತ ಮನೆಯವರೆಲ್ಲರಿಗೂ ನೆನಪಿರುತ್ತದೆ. ಒಣಗಿದ ಕೆಸರನ್ನು ಮೆಲ್ಲಗೆ ಕೆರೆದರೆ ಸಾಕು. ತೀರಾ ಹೊಲಸಾದದ್ದನ್ನು ಕಾವಿಗೇ ಇಡಬೇಡಿ.

‘ನೀರಿನ ಹಕ್ಕಿ, ನೀರು ಚಿಮುಕಿಸಿದಷ್ಟೂ ಒಳ್ಳೆಯದು.’ ಕೇಳಲು ತರ್ಕಬದ್ಧವಾಗಿದೆ, ಅದಕ್ಕೇ ಅಪಾಯಕಾರಿ. 28 ದಿನಗಳಲ್ಲಿ ಮೊಟ್ಟೆ ತನ್ನ ತೂಕದ ಶೇ 13ರಿಂದ 14ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಲೇಬೇಕು. ಹಾಗೆ ತೆರವಾದ ಜಾಗದಲ್ಲೇ ದಪ್ಪ ತುದಿಯ ಗಾಳಿಗೂಡು ದೊಡ್ಡದಾಗುವುದು. ತೇವ ಹೆಚ್ಚಾದರೆ ಗೂಡು ಚಿಕ್ಕದಾಗಿಯೇ ಉಳಿದು, ಉಸಿರಾಡಬೇಕಾದ ಹೊತ್ತಿನಲ್ಲಿ ಮರಿ ಒಳಗಿನ ದ್ರವದಲ್ಲೇ ಮುಳುಗಿ ಸಾಯುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಅನುಮಾನಕ್ಕೆ ಜಾಗವೇ ಇಲ್ಲ: ಇಟ್ಟ ದಿನ 75 ಗ್ರಾಂ ಇದ್ದ ಮೊಟ್ಟೆ ಕೊನೆಗೆ 65ರ ಆಸುಪಾಸಿಗೆ ಇಳಿದಿರಬೇಕು. ಮೊದಲ 25 ದಿನ ಶೇ 55ರಿಂದ 60ರಷ್ಟು ತೇವಾಂಶ ಸಾಕು. ಮೊಟ್ಟೆ ತಿರುಗಿಸುವುದನ್ನು ನಿಲ್ಲಿಸುವುದೂ 25ಕ್ಕೇ. ಅಲ್ಲಿಂದ ಮುಂದೆ ತೇವಾಂಶವನ್ನು ಶೇ 70ಕ್ಕೆ ಏರಿಸಬೇಕು.

ಇನ್ನು ಎಲ್ಲಕ್ಕಿಂತ ಹೆಚ್ಚು ಮರಿ ತಿಂದ ನಂಬಿಕೆ: ‘ಓಡು ಬಿರುಕು ಬಿಟ್ಟಿತು, ಪಾಪ, ಬಿಡಿಸಿ ತೆಗೆಯೋಣ.’

ಓಡಿನ ಮೇಲೆ ಮೊದಲ ಬಿರುಕು ಕಂಡಾಗ ಮರಿ ಹೊರಬರಲು ಸಿದ್ಧವಾಗಿರುವುದಿಲ್ಲ. ಅದು ಗಾಳಿಗೆ ಒಂದು ಕಿಂಡಿ ಮಾಡಿಕೊಂಡಿದೆ, ಅಷ್ಟೇ. ಅಲ್ಲಿಯವರೆಗೂ ಅದರ ಉಸಿರಾಟ ಬಹುಪಾಲು ನಡೆದದ್ದು ಓಡಿಗೆ ಅಂಟಿದ ಪೊರೆಯ ರಕ್ತನಾಳಗಳಲ್ಲಿ. ಇನ್ನು ಆ ರಕ್ತ ಮೈಯೊಳಕ್ಕೆ ಮರಳಬೇಕು, ಉಳಿದ ಭಂಡಾರ, ಅಂದರೆ ಮೊಟ್ಟೆಯ ಹಳದಿ, ಹೊಕ್ಕುಳಿನ ಮೂಲಕ ಹೊಟ್ಟೆ ಸೇರಬೇಕು. ಇದಕ್ಕೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ, ಕೆಲವಕ್ಕೆ ಎರಡು ದಿನ. ಕಿಂಡಿಯಲ್ಲಿ ಇಣುಕಿದರೆ ಕೊಕ್ಕು ಏನನ್ನೋ ಮೆಲ್ಲುವಂತೆ ಆಡುತ್ತಿರುತ್ತದೆ. ನಡುನಡುವೆ ಕೀಚು ದನಿ, ಮತ್ತೆ ಗಂಟೆಗಟ್ಟಲೆ ಮೌನ. ಆ ಮೌನಕ್ಕೇ ನಮ್ಮವರ ಎದೆ ಒಡೆಯುವುದು. ಆಗ ಓಡು ಸುಲಿದರೆ ಪೊರೆಯಿಂದ ರಕ್ತ ಜಿನುಗುತ್ತದೆ, ಭಂಡಾರ ಹೊರಗೇ ನೇತಾಡುತ್ತದೆ. ಅಂಥ ಮರಿ ಉಳಿಯುವುದು ಅಪರೂಪ.

ಇನ್ನೊಂದು ವಿಪರ್ಯಾಸ ನೋಡಿ. ‘ಏನಾಯಿತೋ’ ಎಂದು ಗಳಿಗೆಗೊಮ್ಮೆ ಮುಚ್ಚಳ ತೆರೆದರೆ ತೇವಾಂಶ ಸರ್ರನೆ ಇಳಿದು, ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ. ಮರಿಗೆ ನಿಜಕ್ಕೂ ನೆರವು ಬೇಕಾಗುವುದು ಆಗ.

ಹಾಗೆಂದು ‘ತಾನಾಗಿ ಬಾರದ್ದು ರೋಗಿಷ್ಟ, ಮುಟ್ಟಲೇಬಾರದು’ ಎಂಬುದೂ ಅರ್ಧ ಸತ್ಯ. ಕುಕ್ಕಿ ಒಂದೂವರೆ ದಿನ ಕಳೆದರೂ ಕಿಂಡಿ ದೊಡ್ಡದಾಗಿಲ್ಲ, ಪೊರೆ ಹಳದಿಯಾಗಿ ಬಿರುಸಾಗಿದೆ ಎಂದರೆ, ಅಥವಾ ಚೂಪು ತುದಿಯಲ್ಲಿ ಕುಕ್ಕಿ ಸುಸ್ತಾಗಿದೆ ಎಂದರೆ ಕೈ ಹಾಕಬಹುದು. ಹತ್ತಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಮೂಗಿನ ಹೊಳ್ಳೆ ತಪ್ಪಿಸಿ ಪೊರೆಗೆ ಸವರಿ, ಓಡನ್ನು ಚೂರುಚೂರಾಗಿ ಬಿಡಿಸಿ. ರಕ್ತದ ಗೆರೆ ಕಂಡರೆ ಅಲ್ಲಿಗೇ ನಿಲ್ಲಿಸಿ, ಪೆಟ್ಟಿಗೆಗೆ ಮರಳಿಸಿ, ಕೆಲವು ತಾಸು ಬಿಡಿ. ಕೊನೆಯ ಒದೆತ ಮರಿಯದೇ ಆಗಿರಲಿ.

‘ಹುಟ್ಟಿದೊಡನೆ ಈಜಲು ಬಿಡಬಹುದು.’ ತಾಯಿಯ ಜೊತೆಗಾದರೆ ಸರಿ. ಗೂಡಿನಲ್ಲಿ ತಾಯಿಯ ಗರಿಗೆ ಮೈಯುಜ್ಜಿ ಮರಿಯ ತುಪ್ಪುಳಕ್ಕೆ ನೀರು ಹತ್ತದ ಗುಣ ಬರುತ್ತದೆ. ಪೆಟ್ಟಿಗೆಯಲ್ಲಿ ಹುಟ್ಟಿದ್ದಕ್ಕೆ ಅದಿಲ್ಲ; ಟಬ್ಬಿಗೆ ಬಿಟ್ಟರೆ ನೆನೆದು, ನಡುಗಿ, ಸಾಯಲೂಬಹುದು. ಕೊಕ್ಕು ಮತ್ತು ಹೊಳ್ಳೆ ಅದ್ದುವಷ್ಟು ಆಳದ, ಒಳಗಿಳಿಯಲಾಗದ ಪಾತ್ರೆ ಸಾಕು. ಮೇವಿಗೂ ಅವಸರವಿಲ್ಲ, ಭಂಡಾರದ ಬುತ್ತಿಯಲ್ಲಿ ಮೊದಲ ದಿನ ಕಳೆಯುತ್ತದೆ. ಆಮೇಲೆ ಕೋಳಿಮರಿಯ ಮೇವನ್ನೇ ಹಾಕುವುದಾದರೆ ಬ್ರೂವರ್ಸ್ ಯೀಸ್ಟ್ ಬೆರೆಸಿ: ಬಾತುಮರಿಗೆ ನಿಯಾಸಿನ್ ಕೋಳಿಮರಿಗಿಂತ ಹೆಚ್ಚು ಬೇಕು, ಸಾಲದಿದ್ದರೆ ಕಾಲು ಸೊಟ್ಟಗಾಗುತ್ತದೆ.