ಡೈಲಾಗ್ ಬೇರೆ, ಭಾಷಣ ಬೇರೆ ಕಣ್ರೀ!

ಕುಣಿಗಲ್‌ನಲ್ಲಿ ರಾಜ್ಯೋತ್ಸವ. ಮೈಕ್ ಸಿಕ್ಕಿದ್ದೇ ತಡ, ‘ಮಯೂರ’ನ ಗತ್ತಿನಲ್ಲಿ ಗುಡುಗಿಬಿಟ್ಟೆ. ಮೊದಲು ಶಿಳ್ಳೆ, ಆಮೇಲೆ ನಗು! ಮುಂದಿನ ಮಾತೇ ಮರೆತುಹೋಯಿತು.

ತುಮಕೂರಿನ ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುಬ್ಬಿಯ ಹಿರಿಯರೊಬ್ಬರು, “ಅದು ಕಂಪನಿ ನಾಟಕದ ವರಸೆ ಕಣಪ್ಪ. ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯವನಿಗೂ ಮಾತು ಮುಟ್ಟಬೇಕಿತ್ತು. ನಿನ್ನ ಕೈಲಿ ಮೈಕಿತ್ತಲ್ಲ?” ಅಂದರು.

ನಿಜ! 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಪಳಗಿದ ಕಂಠ ಅಣ್ಣಾವ್ರದು. 1954ರ ‘ಬೇಡರ ಕಣ್ಣಪ್ಪ’ದಿಂದ ಅದು ನಾಡಿಗೆಲ್ಲ ಕೇಳಿಸಿತು. ಆದರೆ ತೆರೆಯ ಮೇಲೆ ಅಬ್ಬರಿಸಿದ ಅದೇ ಕಂಠ, ಸಭೆಯಲ್ಲಿ ಅಭಿಮಾನಿಗಳನ್ನು ‘ದೇವರು’ ಎಂದು ಕರೆದು ಕೈಮುಗಿಯುತ್ತಿತ್ತು.

ಮರುವರ್ಷ ಅದೇ ವೇದಿಕೆಯಲ್ಲಿ ನನ್ನದೇ ದನಿಯಲ್ಲಿ ಐದು ನಿಮಿಷ ಮಾತಾಡಿದೆ. ಶಿಳ್ಳೆ ಬೀಳಲಿಲ್ಲ, ಯಾರೂ ಎದ್ದೂ ಹೋಗಲಿಲ್ಲ. ಅಷ್ಟು ಸಾಕಲ್ವೇ?